ಖರ್ಚು ಜಾಸ್ತಿ ಇದ್ದ ಬಡ ಮನೆ

ಮನೆ ಮನೆಗೆ ಹೋಗಿ ಖರ್ಚಿನ ಲೆಕ್ಕ ಬರೆದುಕೊಂಡು ಬರುವುದು ನನ್ನ ಕೆಲಸ. ಬಡವರು ಎಷ್ಟು ಅಂತ ಅಳೆಯುವುದು ಇಂಥ ಲೆಕ್ಕದಿಂದಲೇ: ತಲಾ ಖರ್ಚು ಒಂದು ಗೆರೆಗಿಂತ ಕಡಿಮೆ ಇದ್ದರೆ ಬಡವರು. ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲೇ ಜಾಸ್ತಿ ಓಡಾಟ. ಮೊದಲು ಫಾರಂ ಇತ್ತು, ಈಗ ಟ್ಯಾಬ್ ಬಂದಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಡಿ ತಾಲ್ಲೂಕಿನ ಒಂದು ಮನೆಯಲ್ಲಿ ನಾನು ಮಾಡಿದ ತಪ್ಪು, ಆಮೇಲೆ ಅದೇ ಮನೆ ನನಗೆ ಕಲಿಸಿದ್ದು, ಎರಡನ್ನೂ ಹೊಸದಾಗಿ ಸರ್ವೆಗೆ ಬರುವ ಹುಡುಗರಿಗಾಗಿ ಬರೆಯುತ್ತಿದ್ದೇನೆ.

ಆ ಅಕ್ಕ ನಿಂಬೆ ತೋಟದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದರು. "ತಿಂಗಳಿಗೆ ಊಟಕ್ಕೆ ಎಷ್ಟು ಖರ್ಚಾಗ್ತದ ಅಕ್ಕಾ?" ಅಂತ ನೇರವಾಗಿ ಕೇಳಿದೆ. "ನಮ್ದೇನ್ ಖರ್ಚ ಐತ್ರಿ ಸರ? ಜ್ವಾಳ ಮನ್ಯಾಗ ಐತಿ, ಅಕ್ಕಿ ರೇಷನ್ದಾಗ ಬರ್ತೈತಿ" ಅಂದರು. ಎಣ್ಣೆ, ಚಹಾಪುಡಿ, ಸಕ್ಕರೆ ಅಂತ ನಾಲ್ಕು ಸಾಲು ಬರೆದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಮನೆ ಮುಗಿಯಿತು. ಬೇಗ ಮುಗಿಸಿದೆ ಅಂತ ಖುಷಿಯೂ ಆಗಿತ್ತು.

ಮರುದಿನ ನಮ್ಮ ಸೂಪರ್‌ವೈಸರ್ ಅದೇ ಮನೆಗೆ ನನ್ನನ್ನು ಕರೆದುಕೊಂಡು ಹೋದರು. ಅವರು ಖರ್ಚು ಅನ್ನೋ ಮಾತೇ ಎತ್ತಲಿಲ್ಲ. "ನಿನ್ನೆ ಎಷ್ಟು ರೊಟ್ಟಿ ಬಡದ್ರಿ ಅಕ್ಕಾ?" ಅಂದರು. ಮುಂಜಾನೆ ಹನ್ನೆರಡು, ಸಂಜೆಗೆ ಎಂಟು. ಗಿರಣಿಗೆ ಎಷ್ಟು ದಿನಕ್ಕೊಮ್ಮೆ ಹೋಗ್ತೀರಿ, ಎಷ್ಟು ಸೇರು ಒಯ್ತೀರಿ, ಬೀಸೋಕೆ ಎಷ್ಟು ತಗೋತಾರೆ? ಎಲ್ಲಕ್ಕೂ ತಟ್ಟನೆ ಉತ್ತರ ಬಂತು. ಆ ಜೋಳ ಕೊಂಡದ್ದಲ್ಲ, ಸುಗ್ಗಿಯಲ್ಲಿ ಕೂಲಿಗೆ ಬದಲಾಗಿ ಕೊಟ್ಟಿದ್ದು. ಅದಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯಬೇಕು. ನಾನು ಅದನ್ನು ಪೂರ್ತಿ ಬಿಟ್ಟಿದ್ದೆ. ಕಾಯಿಪಲ್ಯದ ಲೆಕ್ಕವನ್ನು ಅವರು ಸಂತೆಯಿಂದ ಸಂತೆಗೆ ಕೇಳಿದರು. ಸಂತೆಯಿಂದ ಸಂತೆಗೆ ಏಳು ದಿನ, ತಂದದ್ದು ಒಂದೂ ಮರೆತಿರುವುದಿಲ್ಲ. ಬಟ್ಟೆ, ಚಪ್ಪಲಿಗೆ ಕಾರಹುಣ್ಣಿಮೆಯಿಂದ ಕಾರಹುಣ್ಣಿಮೆಗೆ. ನಾನು ಬರೆದದ್ದರ ಎರಡರಷ್ಟು ಬಂತು ಲೆಕ್ಕ.

ಇದು ಸಣ್ಣ ವಿಷಯ ಅಲ್ಲ. 1990ರ ದಶಕದಲ್ಲಿ ನಮ್ಮ ದೇಶದಲ್ಲಿ ಇದೇ ಪರೀಕ್ಷೆ ನಡೆದಿತ್ತು. ಕೆಲವು ಮನೆಗಳಲ್ಲಿ ಊಟದ ಖರ್ಚನ್ನು 30 ದಿನಕ್ಕೆ ಕೇಳಿದರು, ಕೆಲವು ಮನೆಗಳಲ್ಲಿ 7 ದಿನಕ್ಕೆ. ಈ 7 ದಿನದ ಮನೆಗಳಲ್ಲಿ ಬಟ್ಟೆಬರೆಯಂಥದ್ದನ್ನು ವರ್ಷಕ್ಕೆ ಕೇಳಿದರು. ಈ ಹೊಸ ಥರ ಕೇಳಿದಲ್ಲಿ ಬಡವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಜನ ಅಂಥವರೇ, ಊಟ ಅಂಥದ್ದೇ, ಪ್ರಶ್ನೆ ಮಾತ್ರ ಬೇರೆ. 1999-2000ರ ಸರ್ವೆಯಲ್ಲಿ ಎರಡನ್ನೂ ಒಂದೇ ಮನೆಯಲ್ಲಿ ಕೇಳಿದ್ದರಿಂದ ಆ ಅಂಕಿಯ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಬಡತನದ ಗೆರೆಯೂ ಹಾಗೇ, ಅದನ್ನು ಹಾಕಲು ಸರ್ಕಾರ ನೇಮಿಸಿದ ಸಮಿತಿ ಬದಲಾದರೆ ಅಂಕಿಯೂ ಬದಲು. 2011-12ಕ್ಕೆ ತೆಂಡೂಲ್ಕರ್ ಸಮಿತಿಯ ಲೆಕ್ಕದಲ್ಲಿ ಹಳ್ಳಿಯ ಬಡತನದ ಗೆರೆ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ. ರಂಗರಾಜನ್ ಸಮಿತಿ ಅದೇ ವರ್ಷಕ್ಕೆ 972 ಅಂತ ಹೇಳಿತು, ನಗರದ ಗೆರೆಯನ್ನೂ ಮೇಲೆತ್ತಿತು. ದೇಶದ ಬಡವರು ಸುಮಾರು 27 ಕೋಟಿ ಇದ್ದದ್ದು 36 ಕೋಟಿ ಆದರು.

ಆ ಮನೆಯ ಕಥೆ ಇನ್ನೂ ಮುಗಿದಿಲ್ಲ. ಆಸ್ಪತ್ರೆ ಖರ್ಚು ಕೇಳಿದಾಗ ಅಕ್ಕ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲ ತಂದರು. ತುಂಬ ಸೊಲ್ಲಾಪುರದ ಬಿಲ್ಲುಗಳು. ಗಂಡ ಗೌಂಡಿ ಕೆಲಸ ಮಾಡುವಾಗ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ನಾವು ಮಾತಾಡುವಾಗಲೂ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ಒಟ್ಟು 1 ಲಕ್ಷ 40 ಸಾವಿರ. ಸ್ವಲ್ಪ ಸಂಘದ ಸಾಲ, ಉಳಿದದ್ದು ಕೈಗಡ. ಆಸ್ಪತ್ರೆ ಸೇರಿದ ಖರ್ಚನ್ನು ವರ್ಷದ ಲೆಕ್ಕದಲ್ಲಿ ಕೇಳುತ್ತೇವೆ. ಬರೆದೆ. ಕೂಡಿಸಿ ನೋಡಿದಾಗ ಗೊತ್ತಾಯಿತು: ಪಕ್ಕದ ಮನೆಗಿಂತ ಈ ಮನೆಯ ತಲಾ ಖರ್ಚು ಎಷ್ಟೋ ಜಾಸ್ತಿ. ಖರ್ಚು ಜಾಸ್ತಿ ಅಂದರೆ ಲೆಕ್ಕದ ಪ್ರಕಾರ ಅನುಕೂಲಸ್ಥರು. ಮೇಲಾಗಿ ಮನೆ ಆರ್‌ಸಿಸಿ. ತೀರಿಸುತ್ತಿರುವ ಬಡ್ಡಿ, ಅಸಲು ಖರ್ಚಿನ ಪಟ್ಟಿಗೆ ಬರುವುದೇ ಇಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡು ದಿನ ಬಿಟ್ಟು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಸಂಘದ ಹೆಣ್ಣುಮಕ್ಕಳನ್ನು ಕೂರಿಸಿ ಇನ್ನೊಂದು ಕೆಲಸ ಮಾಡಿಸಿದೆವು. ಓಣಿಯ ಒಂದೊಂದು ಮನೆಗೂ ಒಂದು ಚೀಟಿ. ತೀರಾ ಕಷ್ಟದಲ್ಲಿ ಇರುವವರಿಂದ ಸಾಲಾಗಿ ಇಡಬೇಕು. ಮೂರನೇ, ನಾಲ್ಕನೇ ಚೀಟಿಗೆ ಜೋರು ವಾದ ಆಯಿತು. ಮೊದಲನೆಯದಕ್ಕೆ ಯಾರೂ ತುಟಿ ಬಿಚ್ಚಲಿಲ್ಲ, ಆ ಅಕ್ಕನ ಚೀಟಿ ಇಟ್ಟರು. "ಮನಿ ಆರ್‌ಸಿಸಿ ಐತಲ್ಲ?" ಅಂತ ನಾನೇ ಕೇಳಿದೆ. ಒಬ್ಬ ಆಯಿ ನನ್ನ ಕಡೆ ತಿರುಗಿ, "ಗ್ವಾಡಿ ದುಡದ ಹಾಕತೈತೇನೋ ತಮ್ಮಾ?" ಅಂದರು.

ಇಂಡೋನೇಷ್ಯಾದಲ್ಲೂ ಹೀಗೇ ಆಗಿತ್ತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಲ್ಲಿ 640 ಊರು, ವಾರ್ಡುಗಳಲ್ಲಿ ಪರೀಕ್ಷೆ ಮಾಡಿದರು. ಒಂದು ಕಡೆ ಗೋಡೆ, ನೆಲ, ಟಿವಿ, ಬೈಕ್ ನೋಡಿ ಅಂಕ ಹಾಕಿ ಬಡವರನ್ನು ಆರಿಸಿದರು. ಇನ್ನೊಂದು ಕಡೆ ಊರವರೇ ಕೂತು ಸಾಲು ಹಚ್ಚಿದರು. ತಲಾ ಖರ್ಚಿಗೆ ಹೋಲಿಸಿದರೆ ಅಂಕದ ಪಟ್ಟಿಯೇ ಸ್ವಲ್ಪ ಸರಿ. ಆದರೆ ಊರವರ ಪಟ್ಟಿಯ ಬಗ್ಗೆ ಜನಕ್ಕೆ ಸಮಾಧಾನ ಜಾಸ್ತಿ, ದೂರು ಕಡಿಮೆ. ಅವರು ಖರ್ಚಿಗಿಂತ ದುಡಿಯುವ ಶಕ್ತಿ ನೋಡಿದ್ದರು, ವಿಧವೆಯರನ್ನು ಮುಂದೆ ಇಟ್ಟಿದ್ದರು. ವಿಯೆಟ್ನಾಂ 2016ರಿಂದ ಆದಾಯದ ಜೊತೆ ಆರೋಗ್ಯ, ಶಾಲೆ, ಮನೆ, ನೀರು ಇವನ್ನೂ ಸೇರಿಸಿ ಬಡವರನ್ನು ಗುರುತಿಸುತ್ತಿದೆ. ಬೇಗ ಬೆಳೆಯುತ್ತಿರುವ ದೇಶಗಳಲ್ಲಿ ಗೋಡೆ, ಬೈಕು, ಮೊಬೈಲು ಎಲ್ಲರ ಮನೆಗೂ ಬರುತ್ತವೆ. ಹಾಗಾಗಿ ಬರೀ ಸಾಮಾನು ನೋಡಿ ಬಡತನ ಅಳೆಯೋದು ದಿನೇ ದಿನೇ ಕಷ್ಟ ಆಗ್ತಿದೆ ಅಂತ ನನಗೆ ಅನಿಸುತ್ತದೆ.

ಸಹಾಯದ ಹಣವೂ ಲೆಕ್ಕಕ್ಕೆ ಬರಬೇಕು, ಅದನ್ನೂ ಸುಮ್ನೆ ಬಿಡಬಾರದು. 2022-23ರ ರಾಷ್ಟ್ರೀಯ ಸರ್ವೆಯಲ್ಲಿ ಹಳ್ಳಿಯ ತಲಾ ಖರ್ಚು ತಿಂಗಳಿಗೆ 3,773 ರೂಪಾಯಿ. ಪುಕ್ಕಟೆ ಸಿಕ್ಕ ರೇಷನ್ ಮುಂತಾದವಕ್ಕೆ ಬೆಲೆ ಕಟ್ಟಿ ಸೇರಿಸಿದರೆ 3,860. ದೇಶದ ಹಳ್ಳಿಗಳ ಸರಾಸರಿಗೆ 87 ರೂಪಾಯಿ ಅಷ್ಟೇ, ಆದರೆ ಆ ಅಕ್ಕನ ಮನೆಯಲ್ಲಿ ರಾತ್ರಿಯ ಅನ್ನ ಅದರಿಂದಲೇ. ಗೃಹಲಕ್ಷ್ಮಿ ಶುರುವಾದ ಮೇಲೆ ಒಮ್ಮೆ ಆ ಊರಿಗೆ ಹೋದಾಗ ಕೇಳಿದೆ. 2,000 ರೂಪಾಯಿ ಬಂದ ದಿನವೇ ಸಂಘದ ಕಂತಿಗೆ ಹೋಗುತ್ತದೆ ಅಂದರು. ಅದು ನನ್ನ ಟ್ಯಾಬಿನ ಯಾವ ಸಾಲಿನಲ್ಲೂ ಕೂರುವುದಿಲ್ಲ.

ಈಗ ನಾನು ಷರಾ ಬರೆಯುವ ಜಾಗವನ್ನು ಖಾಲಿ ಬಿಡುವುದಿಲ್ಲ. ಆಸ್ಪತ್ರೆ ಖರ್ಚು ದೊಡ್ಡದಿದ್ದರೆ ಹಣ ಎಲ್ಲಿಂದ ಬಂತು ಅಂತ ಕೇಳುತ್ತೇನೆ. ದುಡಿಯುವವರು ಎಷ್ಟು ಜನ, ಹಾಸಿಗೆ ಹಿಡಿದವರು ಎಷ್ಟು ಜನ ಅಂತಲೂ ಬರೆಯುತ್ತೇನೆ. ಒಂದು ಮನೆಗೆ ಇಪ್ಪತ್ತು ನಿಮಿಷ ಸಾಲುವುದಿಲ್ಲ, ಎರಡು ತಾಸು ಹಿಡಿಯುತ್ತದೆ. ಸಂಜೆ ಹೊತ್ತು ಹೋದರೆ ಅಕ್ಕಂದಿರು ರೊಟ್ಟಿ ಬಡಿಯುತ್ತಲೇ ಮಾತಾಡುತ್ತಾರೆ. ಆಗ ಎಷ್ಟು ರೊಟ್ಟಿ ಅಂತ ಕೇಳೋದೂ ಬೇಡ, ಎಣಿಸಿಕೊಂಡರೆ ಆಯಿತು.