ಜೋಗ್ಜಾದ ಮುಂದಿನ ಸುಲ್ತಾನ ಮಗಳೇನಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಇಂಡೋನೇಷ್ಯಾ ಬಗ್ಗೆ ಮಾತು ಬಂದಾಗೆಲ್ಲ ಇದನ್ನೇ ಕೇಳ್ತಾರೆ. ಜೋಗ್ಜಾ ಅಂದ್ರೆ ಜಾವಾ ದ್ವೀಪದ ಯೋಗ್ಯಕರ್ತ, ಅಲ್ಲಿನ ಈಗಿನ ಸುಲ್ತಾನ ಹತ್ತನೇ ಹಮೆಂಗ್ಕುಬುವೊನೊಗೆ ಐದೂ ಹೆಣ್ಣುಮಕ್ಕಳು, 2017ರಲ್ಲಿ ಸಂವಿಧಾನ ಕೋರ್ಟ್ ಬೇರೆ ಹೆಂಗಸರ ಪರ ತೀರ್ಪು ಕೊಟ್ಟಿದೆ, ಅಂದ್ಮೇಲೆ ದೊಡ್ಡ ಮಗಳಿಗೇ ಪಟ್ಟ ತಾನೆ?

ಹಾಗೇನಿಲ್ಲ. ಕೋರ್ಟ್ ಹೇಳಿದ್ದು ಗವರ್ನರ್ ಹುದ್ದೆ ಬಗ್ಗೆ.

ಅಲ್ಲಿ ಪಟ್ಟಕ್ಕೂ ಹುದ್ದೆಗೂ ಗಂಟು ಹಾಕಿದಾರೆ, ತಾಪತ್ರಯ ಇರೋದೇ ಅಲ್ಲಿ. 1945ರಲ್ಲಿ ಈಗಿನವರ ಅಪ್ಪ, ಒಂಬತ್ತನೇ ಸುಲ್ತಾನ, ತಮ್ಮ ರಾಜ್ಯ ಹೊಸ ಇಂಡೋನೇಷ್ಯಾ ಗಣರಾಜ್ಯಕ್ಕೆ ಸೇರಿದ್ದು ಅಂತ ಘೋಷಿಸಿದ್ರು, ಡಚ್ಚರ ಜೊತೆ ಹೋರಾಟ ನಡೀತಿದ್ದಾಗ ದೇಶದ ರಾಜಧಾನಿನೂ ಜೋಗ್ಜಾದಲ್ಲೇ ಇತ್ತು, ಆ ಋಣ ದೇಶ ಮರೆತಿಲ್ಲ, ಹಾಗಾಗಿ 2012ರ ವಿಶೇಷ ಕಾನೂನಿನ ಪ್ರಕಾರ ಅಲ್ಲಿ ಗವರ್ನರ್‌ಗೆ ಎಲೆಕ್ಷನ್ನೇ ಇಲ್ಲ, ಸುಲ್ತಾನ ಯಾರೋ ಅವರೇ ಗವರ್ನರ್. ಆ ಕಾನೂನಲ್ಲಿ ಅಭ್ಯರ್ಥಿ ಕೊಡೋ ಬಯೋಡೇಟಾದಲ್ಲಿ ಹೆಂಡತಿ ವಿವರ ಇರ್ಬೇಕು ಅಂತಿತ್ತು, ಅಂದ್ರೆ ಗಂಡಸೇ ಆಗಿರ್ಬೇಕು ಅಂತ ಓದ್ಕೊಳೋ ಹಾಗೆ. ಕೋರ್ಟ್ ಅದನ್ನ ತೆಗೆದುಹಾಕ್ತು. ಸುಲ್ತಾನ ಯಾರಾಗ್ಬೇಕು ಅನ್ನೋದನ್ನ ಅರಮನೆಗೇ ಬಿಡ್ತು.

ಅರಮನೆಯೊಳಗೇ ಜಗಳ ಇದೆ. 2015ರಲ್ಲಿ ಸುಲ್ತಾನರು ತಮ್ಮ ಬಿರುದಿಂದ ಖಲೀಫ (ಗಂಡಸರಿಗೇ ಸಲ್ಲೋ ಮುಸ್ಲಿಂ ಧಾರ್ಮಿಕ ಮುಖಂಡನ ಪದವಿ) ಅನ್ನೋ ಭಾಗ ಕೈಬಿಟ್ರು, ದೊಡ್ಡ ಮಗಳು ಪೆಂಬಾಯುನ್‌ಗೆ ಮಂಗ್ಕುಬುಮಿ ಅಂತ ಹೊಸ ಹೆಸರು ಕೊಟ್ರು, ಅದು ಉತ್ತರಾಧಿಕಾರಿಗೆ ದಾರಿ ಮಾಡೋ ಹೆಸರು ಅಂತ ಎಲ್ಲರಿಗೂ ಅರ್ಥ ಆಯ್ತು. ಮಲತಾಯಿ ಮಕ್ಕಳಾದ ತಮ್ಮಂದಿರು ಸಿಟ್ಟಾದ್ರು. ಪಟ್ಟ ಗಂಡಸರಿಗೇ, ಮಗ ಇಲ್ಲದಿದ್ರೆ ತಮ್ಮನಿಗೆ ಅಂತ ಅವರ ವಾದ, ಅದಕ್ಕೆ ಉದಾಹರಣೆನೂ ಇದೆ, 1855ರಲ್ಲಿ ಐದನೇ ಸುಲ್ತಾನ ತೀರಿಕೊಂಡಾಗ ಪಟ್ಟ ಹೋಗಿದ್ದು ತಮ್ಮನಿಗೇ. ಮಗಳ ಮಕ್ಕಳು ಅಳಿಯನ ವಂಶ ಆಗ್ತಾರೆ ಅನ್ನೋ ಭಯನೂ ಇದೆ. ಈ ಭಯ ನಂಗೆ ಅರ್ಥ ಆಗುತ್ತೆ, ಆದ್ರೂ ನಾನು ಮಗಳ ಪರ. ಹದಿನಾಲ್ಕನೇ ಶತಮಾನದಲ್ಲಿ ಜಾವಾದ ಮಜಾಪಾಹಿತ್ ಸಾಮ್ರಾಜ್ಯ ಆಳಿದ್ದು ತ್ರಿಭುವನಾ ಅನ್ನೋ ರಾಣಿ, ಜಾವಾಕ್ಕೆ ಇದು ಹೊಸದೇನಲ್ಲ.

ಪಕ್ಕದ ಸುರಕರ್ತದಲ್ಲಿ 2004ರಲ್ಲಿ ರಾಜ ತೀರಿಕೊಂಡಾಗ ಅವರ ಗಂಡುಮಕ್ಕಳಲ್ಲಿ ಇಬ್ಬರು ನಾನೇ ರಾಜ ಅಂದ್ರು, ರಾಜಿ ಆಗಿದ್ದು 2012ಕ್ಕೆ. ಅಲ್ಲಿ ರಾಜನಿಗೆ ಸರ್ಕಾರಿ ಅಧಿಕಾರ ಇಲ್ಲ, ಹೇಗೋ ನಡೀತು. ಜೋಗ್ಜಾದಲ್ಲಿ ಹಾಗಾದ್ರೆ ಗವರ್ನರ್ ಯಾರು ಅಂತಾನೇ ಗೊತ್ತಾಗಲ್ಲ, ಕೊನೆಗೆ ಜಕಾರ್ತಾದ ಕೇಂದ್ರ ಸರ್ಕಾರದವರು ಒಬ್ಬರನ್ನ ಸುಲ್ತಾನ ಅಂತ ಒಪ್ಕೋಬೇಕಾಗುತ್ತೆ, ಅದು ಎರಡೂ ಕಡೆಯವರಿಗೆ ಬೇಡದ್ದು. ಸುಲ್ತಾನರು 1946ರಲ್ಲಿ ಹುಟ್ಟಿದವರು. ತಮ್ಮಂದಿರನ್ನ ಕೂರಿಸ್ಕೊಂಡು ಈಗಲೇ ಬಾಯಿಬಿಟ್ಟು ಮಾತಾಡಿ ಮುಗಿಸ್ಬೇಕು.