ಪದಕದ ಅಂಚಿನಲ್ಲಿ ಸಿಕ್ಕ ಸಿಪಾಯಿ

ಮೊದಲ ಮಹಾಯುದ್ಧದ ವಿಕ್ಟರಿ ಮೆಡಲ್ ಕೈಗೆ ಸಿಕ್ಕರೆ ಕಣ್ಣು ಹೋಗುವುದು ಮುಂಭಾಗದ ರೆಕ್ಕೆಯ ದೇವತೆಯ ಕಡೆಗೆ. ನೋಡಬೇಕಾದದ್ದು ಅಂಚನ್ನು. 36 ಮಿ.ಮೀ. ಅಗಲದ ಆ ಕಂಚಿನ ಬಿಲ್ಲೆಯ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಒತ್ತಿರುತ್ತವೆ. ಉಜ್ಜಿ ಉಜ್ಜಿ ಸವೆದಿದ್ದರೆ ಓರೆ ಬೆಳಕಿಗೆ ಹಿಡಿದು ಓದಬೇಕು. ಲಂಡನ್ನಿನಲ್ಲಿ ಮಾರಾಟಕ್ಕಿದ್ದ ಇಂಥದೊಂದು ಪದಕದಲ್ಲಿ ಕೆನಡಾದ ಸಿಖ್ ಇತಿಹಾಸಕಾರರೊಬ್ಬರಿಗೆ ಕಂಡ ಹೆಸರು ಬಕಮ್ ಸಿಂಗ್. ಪಂಜಾಬಿ ಹೆಸರು, ಆದರೆ ಪಕ್ಕದಲ್ಲಿದ್ದದ್ದು ಕೆನಡಾದ ದಳ.

ಹುಡುಕಾಟದಲ್ಲಿ ಹೆಸರಿಗಿಂತ ಸಂಖ್ಯೆಯೇ ನಂಬಿಕಸ್ಥ. ಗುಮಾಸ್ತರು ಕಿವಿಗೆ ಬಿದ್ದಂತೆ ಕಾಗುಣಿತ ಬರೆಯುತ್ತಿದ್ದರು. ಸಿಂಗ್ ಎಂಬುದನ್ನೇ ಮನೆತನದ ಹೆಸರೆಂದು ಬರೆದುಕೊಂಡು ಹಲವರನ್ನು ಒಂದೇ ರಾಶಿಗೆ ಸೇರಿಸಿಬಿಡುತ್ತಿದ್ದರು. ಸಂಖ್ಯೆಗಳನ್ನೋ ಬೆಟಾಲಿಯನ್‌ಗೊಂದು ಸರಣಿಯಂತೆ ಹಂಚಲಾಗಿತ್ತು, ಹಾಗಾಗಿ ಸಂಖ್ಯೆ ನೋಡಿದರೆ ಆತ ಮೊದಲು ಸೇರಿದ ದಳ ತಿಳಿಯುತ್ತದೆ. ಕೆನಡಾದ ರಾಷ್ಟ್ರೀಯ ಪತ್ರಾಗಾರ ಆ ಯುದ್ಧದ ಸೈನಿಕರ ಆರು ಲಕ್ಷಕ್ಕೂ ಹೆಚ್ಚು ಕಡತಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ, ನೋಡಲು ಶುಲ್ಕವಿಲ್ಲ.

ಭರ್ತಿಯ ಅರ್ಜಿಯನ್ನು ನಿಧಾನವಾಗಿ ಓದಬೇಕು. ಬಕಮ್ ಸಿಂಗ್ ಹುಟ್ಟಿದ್ದು 1893ರಲ್ಲಿ, ಪಂಜಾಬಿನ ಮಾಹಿಲ್‌ಪುರದಲ್ಲಿ. ಬಾಲ್ಯದಲ್ಲೇ ಮದುವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಬಂದದ್ದು 1907ರಲ್ಲಿ. ಮುಂದಿನ ವರ್ಷವೇ ತಾಯ್ನೆಲದಿಂದ ಎಲ್ಲೂ ನಡುವೆ ನಿಲ್ಲದೆ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮ ಬಂತು, ಕೈಯಲ್ಲಿ 200 ಡಾಲರ್ ಇರಬೇಕೆಂಬುದೂ ಸೇರಿತು. ಭಾರತದಿಂದ ನೇರ ಹಡಗೇ ಇರಲಿಲ್ಲ, ಹೆಂಡತಿಯನ್ನು ಕರೆಸಿಕೊಳ್ಳುವ ಮಾತೆಲ್ಲಿ? 1914ರಲ್ಲಿ ಭಾರತೀಯ ವಲಸಿಗರನ್ನು ಹೊತ್ತು ಬಂದ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರಿನಿಂದ ಹಿಂದಕ್ಕಟ್ಟಿದ್ದೂ ಇದೇ ಕಾನೂನಿನ ಬಲದಿಂದ. ಅದಾಗಿ ವರ್ಷ ತುಂಬುವ ಮೊದಲೇ, 1915ರ ವಸಂತದಲ್ಲಿ, ಒಂಟಾರಿಯೋದಲ್ಲಿ ಹೊಲದ ಕೆಲಸ ಮಾಡುತ್ತಿದ್ದ ಬಕಮ್ ಸಿಂಗ್ ಅದೇ ದೇಶದ ಸೈನ್ಯಕ್ಕೆ ಸಹಿ ಹಾಕಿದರು. ಸಂಬಳ ದಿನಕ್ಕೆ ಒಂದು ಡಾಲರ್, ಮೇಲೆ ಹತ್ತು ಸೆಂಟ್ ಭತ್ಯೆ.

ಕಡತದ ಜೀವಾಳವೆಂದರೆ ಸೈನಿಕನ ಗಾಯ, ಆಸ್ಪತ್ರೆ, ವರ್ಗಾವಣೆಗಳನ್ನು ಬರೆದಿಡುವ ಬಿ 103 ಎಂಬ ಹಾಳೆ. ಹೊಸಬರು ಎಡವುವುದೂ ಇಲ್ಲಿಯೇ. ಪ್ರತಿ ಸಾಲಿನಲ್ಲಿ ಎರಡು ತಾರೀಕು: ಒಂದು ವರದಿ ತಲುಪಿದ್ದು, ಇನ್ನೊಂದು ಘಟನೆ ನಡೆದದ್ದು. ಮೊದಲನೆಯದನ್ನೇ ಗಾಯದ ದಿನವೆಂದು ಹಿಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. 'ಜಿ.ಎಸ್.ಡಬ್ಲ್ಯೂ.' ಎಂದರೆ ಗುಂಡೇಟು, ಆದರೆ ಶೆಲ್ಲಿನ ಚೂರು ತಗುಲಿದರೂ ಎಷ್ಟೋ ಸಲ ಅದನ್ನೇ ಬರೆದಿರುತ್ತಾರೆ. ಗಾಯ ಯಾವುದರಿಂದ ಎಂಬುದನ್ನು ಆಸ್ಪತ್ರೆಯ ಚೀಟಿಯಿಂದ, ಆ ದಿನ ದಳ ಎಲ್ಲಿತ್ತು ಎಂಬುದನ್ನು ಬೆಟಾಲಿಯನ್ನಿನ ಯುದ್ಧ ದಿನಚರಿಯಿಂದ ಖಚಿತಪಡಿಸಿಕೊಳ್ಳಬೇಕು.

ಹೀಗೆ ತಾಳೆ ನೋಡಿದಾಗ ಸಿಗುವ ಚಿತ್ರ ಇದು: 20ನೇ ಬೆಟಾಲಿಯನ್, ಬೆಲ್ಜಿಯಂ, 1916. ಜೂನ್‌ನಲ್ಲಿ ಈಪ್ರ್ ಬಳಿ ತಲೆಗೆ ಶೆಲ್ ಚೂರು. ಗುಣವಾಗಿ ಕಂದಕಕ್ಕೆ ಮರಳಿದರೆ, ಜುಲೈನಲ್ಲಿ ಸೇಂಟ್ ಎಲ್ವಾ ಬಳಿ ಕಾಲಿಗೆ ಗುಂಡು. ಒಮ್ಮೆ ಚಿಕಿತ್ಸೆ ಸಿಕ್ಕಿದ್ದು ಕವಿಯೂ ಆಗಿದ್ದ ವೈದ್ಯ ಜಾನ್ ಮೆಕ್ರೇ ಇದ್ದ ಆಸ್ಪತ್ರೆಯಲ್ಲಿ. ಎರಡು ಗಾಯಗಳನ್ನೂ ದಾಟಿದ ದೇಹಕ್ಕೆ ಇಂಗ್ಲೆಂಡಿನಲ್ಲಿ ಚೇತರಿಸಿಕೊಳ್ಳುವಾಗ ಕ್ಷಯ ಅಂಟಿತು. ಕೆನಡಾಕ್ಕೆ ವಾಪಸು ಕಳಿಸಿದರು. ಕಿಚನರ್ ಪಟ್ಟಣದ ಆಸ್ಪತ್ರೆಯಲ್ಲಿ 1919ರ ಆಗಸ್ಟ್ 27ರಂದು ಪ್ರಾಣ ಹೋಯಿತು. ವಯಸ್ಸು 25.

ಯುದ್ಧ ಮುಗಿದು ಒಂಬತ್ತು ತಿಂಗಳ ಮೇಲೆ ಹಾಸಿಗೆಯಲ್ಲಿ ಸತ್ತವರನ್ನು ಹುತಾತ್ಮ ಅನ್ನಬಹುದೇ ಎಂದು ಕೇಳುವವರಿದ್ದಾರೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ನಿಯಮ ಸ್ಪಷ್ಟ: ಯುದ್ಧದಲ್ಲಿ ಮಡಿದವರ ಪಟ್ಟಿಗೆ ಅದು ಲೆಕ್ಕ ಹಿಡಿಯುವ ಸಾವುಗಳು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗಿನವು. ಸೇವೆಯಿಂದ ಬಿಡುಗಡೆಯಾಗಿದ್ದರೂ, ಸಾವಿನ ಕಾರಣ ಸೇವೆಯಲ್ಲೇ ತಗುಲಿದ್ದಾದರೆ ಹೆಸರು ಪಟ್ಟಿಗೆ ಸೇರುತ್ತದೆ. ಕ್ಷಯಕ್ಕೆ ಬಲಿಯಾದವರ ಕಡತವನ್ನು ಗುಂಡೇಟಿನ ಸಾಲು ಕಂಡೊಡನೆ ಮುಚ್ಚಬಾರದು, ವೈದ್ಯಕೀಯ ಮಂಡಳಿಯ ಕೊನೆಯ ಪುಟದವರೆಗೂ ಹೋಗಬೇಕು ಎನ್ನುವುದು ಇದಕ್ಕೇ.

ಸಮಾಧಿ ಇರುವುದು ಕಿಚನರಿನ ಮೌಂಟ್ ಹೋಪ್ ಸ್ಮಶಾನದಲ್ಲಿ. ದಶಕಗಳ ಕಾಲ ಅತ್ತ ಯಾರೂ ಸುಳಿದಿರಲಿಲ್ಲ. ಈಗ ಪ್ರತಿ ನವೆಂಬರ್‌ನಲ್ಲಿ ಸಿಖ್ ಸೈನಿಕರು ಸಮವಸ್ತ್ರದಲ್ಲಿ ಬಂದು ಅಲ್ಲಿ ಸೆಲ್ಯೂಟ್ ಹೊಡೆಯುತ್ತಾರೆ, ಅರ್ದಾಸ್ ಎಂಬ ಸಿಖ್ ಪ್ರಾರ್ಥನೆ ನಡೆಯುತ್ತದೆ.