ಬಿಸಿಲಿನಲ್ಲಿ ಆಡಿದ ವೈಪರ್

ಬಾಳೆಗೊನೆ ಹೇರಿಕೊಂಡು ಸಕಲೇಶಪುರದ ಸಂತೆಗೆ ಹೊರಟಿದ್ದೆ. ಸುಡುಬಿಸಿಲು. ಪಿಕಪ್‌ನ ವೈಪರ್ ಮಾತ್ರ ತಾನಾಗಿಯೇ ಆಡತೊಡಗಿತು. ಇಂಡಿಕೇಟರ್ ಹಾಕಿದರೆ ಬಾಗಿಲಿನ ಲಾಕ್ ಟಕ್ಕೆನ್ನುತ್ತಿತ್ತು. ಗಾಳಿ ಸೋಕಿರಬೇಕು, ನಿಂಬೆಹಣ್ಣು ಕಟ್ಟಿ ಎಂದರು ತೋಟದವರು. ಕಟ್ಟಿಯೂ ನೋಡಿದೆ.

ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಸತ್ತಿರುತ್ತಿತ್ತು. ಮೊದಲ ಮೆಕ್ಯಾನಿಕ್ ಹೊಸ ಬ್ಯಾಟರಿ ಮಾರಿ ಕಳಿಸಿದ, ಅದೂ ಸತ್ತಿತು. ಕೊನೆಗೆ ಕರೆಂಟು ಅಳೆಯುವ ಮಲ್ಟಿಮೀಟರನ್ನು ನಾನೇ ಹಿಡಿದೆ. ಎಲ್ಲವನ್ನೂ ಆರಿಸಿ ಅರ್ಧ ಗಂಟೆ ಕಾದರೂ 600 ಮಿಲಿ ಆಂಪಿಯರ್ ಹರಿಯುತ್ತಿತ್ತು. 50ರ ಒಳಗಿರಬೇಕಾದದ್ದು! ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋದೆ. ಬಾಡಿ ಕಂಟ್ರೋಲ್ ಮಾಡ್ಯೂಲ್‌ನದು ಕಿತ್ತೊಡನೆ ಮುಳ್ಳು ಇಳಿಯಿತು. ದೀಪ, ವೈಪರ್, ಲಾಕ್‌ಗಳ ಯಜಮಾನಿಕೆಯೆಲ್ಲ ಆ ಪೆಟ್ಟಿಗೆಯದು. ಅದಕ್ಕೆ ನಿದ್ದೆಯೇ ಹತ್ತುತ್ತಿರಲಿಲ್ಲ. ಮುಂಗಾಜಿನ ಅಂಚಿನಿಂದ ಮಳೆನೀರು ಜಿನುಗಿ, ಅದರ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಪೆಟ್ಟಿಗೆ ಕಳಚುವುದು ಸುಲಭದ ಕೆಲಸ. ನನ್ನ ಜಿಪುಣತನವೇ ಕೈಕೊಟ್ಟಿತು. ಗುಜರಿಯಿಂದ ಹಳೆಯದೊಂದನ್ನು ತಂದು ಕೂರಿಸಿದರೆ ಎಂಜಿನ್ ಹೊತ್ತಲೇ ಇಲ್ಲ: ಬೇರೆ ಗಾಡಿಯ ಪೆಟ್ಟಿಗೆ ನನ್ನ ಕೀಲಿಯನ್ನು ಗುರುತಿಸೀತು ಹೇಗೆ? ಹೊಸದನ್ನೇ ಕೊಂಡೆ. ಲ್ಯಾಪ್‌ಟಾಪ್ ಜೋಡಿಸಿ ಚಾಸಿ ಸಂಖ್ಯೆ ತುಂಬಿದ ಹುಡುಗ, "ಪೆಟ್ಟಿಗೆಗೆ ಪರಿಚಯ ಮಾಡಿಸಬೇಕು, ಎರಡೂ ಕೀಲಿ ಕೊಡಿ" ಎಂದ. ಇನ್ನೊಂದು ಕೀಲಿ ಮನೆಯಲ್ಲಿ, ನಲವತ್ತು ಕಿಲೋಮೀಟರ್ ದೂರದಲ್ಲಿ, ದೇವರ ಗೂಡಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬಸ್ಸಿನಲ್ಲಿ ಹೋಗಿ ತಂದೆ.

ಗಾಜಿನ ರಬ್ಬರ್ ಕೂಡ ಬದಲಾಯಿಸಿದ್ದೇನೆ. ಒಣಗಿದ ನಿಂಬೆಹಣ್ಣನ್ನು ಬಿಚ್ಚಲು ತೋಟದವರು ಒಪ್ಪುತ್ತಿಲ್ಲ.